ಒಂದಗುಳಿನ ಸಾಕ್ಷ್ಯ: ಪ್ರಮಾಣೀಕೃತ ಪರೀಕ್ಷೆ ಮತ್ತು ಅದರ ಸಿಂಧುತ್ವ

(ರಾಯಚೂರಿನಲ್ಲಿ ಶಿಕ್ಷಕರು ಮತ್ತು ಬಿ.ಇಡಿ. ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸ)

ಶಿಕ್ಷಕ ಬಂಧುಗಳೇ, ವಿದ್ಯಾರ್ಥಿಗಳೇ,

ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ಮನೆಗಳಲ್ಲಿ ಯಾರೂ ಇಡೀ ಪಾತ್ರೆಯನ್ನು ಬರಿದು ಮಾಡುವುದಿಲ್ಲ. ಒಂದಗುಳು ತೆಗೆದು ಹಿಚುಕಿ ನೋಡುತ್ತಾರೆ. ಪರೀಕ್ಷೆ ನಡೆಯುವುದೂ ಇದೇ ನಂಬಿಕೆಯ ಮೇಲೆ. ಹತ್ತು ತಿಂಗಳು ಕಲಿಸಿದ್ದನ್ನೆಲ್ಲ ಮೂರು ತಾಸಿನಲ್ಲಿ ಕೇಳಲಾಗದ ಕಾರಣ ಮೂವತ್ತು ನಲವತ್ತು ಪ್ರಶ್ನೆಗಳನ್ನು ಆರಿಸಿ, ಎಲ್ಲ ಮಕ್ಕಳಿಗೂ ಅವೇ ಪ್ರಶ್ನೆ, ಅಷ್ಟೇ ಸಮಯ, ಒಂದೇ ಬಗೆಯ ಅಂಕ ಎಂದು ಕಟ್ಟುನಿಟ್ಟು ಮಾಡಿದರೆ ಅದು ಪ್ರಮಾಣೀಕೃತ ಪರೀಕ್ಷೆ ಎನಿಸಿಕೊಳ್ಳುತ್ತದೆ. ಆದರೆ ಒಂದಗುಳು ಇಡೀ ಪಾತ್ರೆಯ ಪರವಾಗಿ ಸಾಕ್ಷಿ ಹೇಳಬೇಕಾದರೆ ಎರಡು ಮಾತು ನಿಜವಿರಬೇಕು. ಅಕ್ಕಿಯೆಲ್ಲ ಒಂದೇ ಉರಿಯಲ್ಲಿ ಬೆಂದಿರಬೇಕು. ಯಾವ ಅಗುಳನ್ನು ಹಿಚುಕುತ್ತಾರೆಂಬುದು ಅಡುಗೆಯವರಿಗೆ ಮೊದಲೇ ಗೊತ್ತಿರಬಾರದು. ಇಂದು ನಾನು ಆಡುವ ಮಾತೆಲ್ಲ ಈ ಎರಡರ ಸುತ್ತಲೇ ಇರುತ್ತದೆ.

1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ ಬುದ್ಧಿಯ ಮೊದಲ ಅಳತೆಗೋಲನ್ನು ಪ್ರಕಟಿಸಿದರು. ಬಿನೆಯ ಉದ್ದೇಶ ಸಣ್ಣದು, ಸ್ಪಷ್ಟವಾದದ್ದು: ಸಾಮಾನ್ಯ ತರಗತಿಯಲ್ಲಿ ಹಿಂದೆ ಬೀಳುವ, ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು. ಮಗುವಿನ ಬುದ್ಧಿ ಇಷ್ಟೇ ಎಂದು ಗೆರೆ ಎಳೆಯುವುದನ್ನು ಆತ ಒಪ್ಪಿರಲಿಲ್ಲ. ಅದೇ ಅಳತೆಗೋಲು ಅಮೆರಿಕಕ್ಕೆ ಹೋಗಿ, 1916ರಲ್ಲಿ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ ಕೈಯಲ್ಲಿ ಬೇರೆ ರೂಪ ಪಡೆದು, ಹುಟ್ಟುಗುಣವನ್ನು ಅಳೆಯುವ ಸಾಧನವಾಯಿತು. 1923ರಲ್ಲಿ ಅಮೆರಿಕದ ಸೈನಿಕರ ಬುದ್ಧಿ ಪರೀಕ್ಷೆಯ ಅಂಕಗಳನ್ನು ಹಿಡಿದು ಜನಾಂಗ ಜನಾಂಗಗಳ ಬುದ್ಧಿಗೆ ಬೆಲೆ ಕಟ್ಟಿದ ಕಾರ್ಲ್ ಬ್ರಿಗಮ್, 1926ರಲ್ಲಿ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯನ್ನು ರೂಪಿಸಿ, 1930ರಲ್ಲಿ ತನ್ನ ಹಿಂದಿನ ವಾದಕ್ಕೆ ಬುಡವೇ ಇರಲಿಲ್ಲವೆಂದು ತಾನೇ ಬರೆದುಕೊಂಡ. ನೆರವಿಗಾಗಿ ಹುಟ್ಟಿದ ಅಳತೆಯನ್ನು ಜನರನ್ನು ಮೇಲುಕೀಳು ಮಾಡಲು ಹಚ್ಚಿದ್ದೇ ಅಲ್ಲಿ ನಡೆದ ಎಡವಟ್ಟು.

ಬಿ.ಇಡಿ. ಪಠ್ಯದಲ್ಲಿ ನಾವು 'ಯಾವುದನ್ನು ಅಳೆಯಬೇಕೋ ಅದನ್ನೇ ಅಳೆಯುವುದು ಸಿಂಧುತ್ವ' ಎಂದು ಬಾಯಿಪಾಠ ಮಾಡಿಸುತ್ತೇವೆ. ಅದು ತಪ್ಪಲ್ಲ, ಸಾಲದು. ಸಿಂಧುತ್ವ ಪ್ರಶ್ನೆಪತ್ರಿಕೆಗೆ ಅಂಟಿಕೊಂಡಿರುವ ಗುಣವಲ್ಲ; ಅಂಕವನ್ನು ಹಿಡಿದು ನಾವು ಮಾಡುವ ತೀರ್ಮಾನಕ್ಕೆ ಸಂಬಂಧಿಸಿದ ಗುಣ. ಒಂದೇ ಪತ್ರಿಕೆ ಒಂದು ತೀರ್ಮಾನಕ್ಕೆ ತಕ್ಕುದಾಗಿದ್ದು ಇನ್ನೊಂದಕ್ಕೆ ಏನೇನೂ ಸಾಲದೇ ಹೋಗಬಹುದು.

ನಮ್ಮ ಎಸ್‌ಎಸ್‌ಎಲ್‌ಸಿಯನ್ನೇ ನೋಡೋಣ. ಅದು ಹತ್ತು ವರ್ಷದ ಕಲಿಕೆಗೆ ಪ್ರಮಾಣಪತ್ರ ಕೊಡಬೇಕು, ಪಿಯು ಸೀಟು ಹಂಚಬೇಕು, ಶಾಲೆಯ ಗುಣಮಟ್ಟ ಹೇಳಬೇಕು, ಜಿಲ್ಲೆ ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸಬೇಕು, ಕೊನೆಗೆ ಮುಖ್ಯಶಿಕ್ಷಕರಿಗೆ ನೋಟಿಸ್ ಕೊಡಲು ಆಧಾರವೂ ಆಗಬೇಕು. ಒಂದೇ ಎತ್ತಿಗೆ ಐದು ನೇಗಿಲು. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕದ ಮಿತಿಯನ್ನು ಶೇ. 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. 2025ರಲ್ಲಿ ಆ ಕೃಪಾಂಕವನ್ನೂ ತೆಗೆದಾಗ ಮೊದಲ ಪರೀಕ್ಷೆಯ ಫಲಿತಾಂಶ ಶೇ. 62.34ಕ್ಕೆ ಬಂತು. ಎರಡು ವರ್ಷದಲ್ಲಿ ರಾಜ್ಯದ ಮಕ್ಕಳು ದಡ್ಡರಾದರೆಂದು ಇಲ್ಲಿ ಕುಳಿತ ಯಾರೂ ಹೇಳಲಾರರು. ಬದಲಾದದ್ದು ಮುಖ್ಯವಾಗಿ ಅಳತೆಯ ಷರತ್ತು. ಆದರೂ ಪ್ರತಿ ಬೇಸಿಗೆಯಲ್ಲಿ ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು 'ಶಿಕ್ಷಣ ಕುಸಿಯಿತು', 'ಸುಧಾರಿಸಿತು' ಎಂದು ತೀರ್ಪು ಕೊಡುತ್ತೇವೆ. ಸೇರನ್ನೇ ಬದಲಿಸಿ ಜೋಳ ಕಡಿಮೆಯಾಯಿತೆಂದು ಕೊರಗಿದಂತೆ.

ಜಿಲ್ಲೆಗಳ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕ ಕೆಳಗೇ ಇರುವುದು ನಿಮಗೆ ಹೊಸ ಸುದ್ದಿಯಲ್ಲ. ಇಲ್ಲಿ ಮೊದಲ ಷರತ್ತನ್ನು, ಒಂದೇ ಉರಿಯ ಷರತ್ತನ್ನು, ನೆನೆಯಬೇಕು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56, ಅಂದರೆ ಇಂದು ಪರೀಕ್ಷೆಗೆ ಕೂರುವ ಎಷ್ಟೋ ಮಕ್ಕಳ ಮನೆಯಲ್ಲಿ ಪಾಠ ಓದಿ ಹೇಳುವವರಿಲ್ಲ. ಹತ್ತಿ ಬಿಡಿಸುವ ಹಂಗಾಮು ಬಂದಾಗ ಹಾಜರಿ ಪುಸ್ತಕ ಹೇಗೆ ಖಾಲಿಯಾಗುತ್ತದೆ, ಸುಗ್ಗಿ ಮುಗಿದ ಮೇಲೆ ಅಪ್ಪ ಅವ್ವನ ಸಂಗಡ ಮಕ್ಕಳೂ ಹೇಗೆ ಗುಳೆ ಹೋಗುತ್ತಾರೆ ಎಂಬುದನ್ನು ದೇವದುರ್ಗ, ಲಿಂಗಸುಗೂರು ಕಡೆಯ ಶಿಕ್ಷಕರಿಗೆ ನಾನು ಹೇಳಬೇಕಾಗಿಲ್ಲ. ಇಂಥ ಒಬ್ಬ ಹುಡುಗಿಯ ಅಂಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಆಕೆಗೆ ಭಿನ್ನರಾಶಿ ಬರುವುದಿಲ್ಲವೆಂದರೆ ಬರುವುದಿಲ್ಲ, ಅಷ್ಟರ ಮಟ್ಟಿಗೆ ಪರೀಕ್ಷೆ ನಿಜವನ್ನೇ ಹೇಳಿತು. ಅದೇ ಅಂಕ ಹಿಡಿದು ಆಕೆಯ ಬುದ್ಧಿಯನ್ನೋ ಗುರುವಿನ ಶ್ರದ್ಧೆಯನ್ನೋ ಅಳೆಯ ಹೊರಟಾಗ ಸಿಂಧುತ್ವ ಮುರಿಯುತ್ತದೆ.

ಭಾಷೆಯದು ಇನ್ನೂ ಸೂಕ್ಷ್ಮ. 'ಕಡಲೆಕಾಯಿ'ಯನ್ನು ಎಂಟು ಮಕ್ಕಳಿಗೆ ಸಮವಾಗಿ ಹಂಚುವ ಲೆಕ್ಕ ಕೊಟ್ಟಿರೆಂದುಕೊಳ್ಳಿ. ನಮ್ಮ ಮಗುವಿಗೆ ಗೊತ್ತಿರುವುದು ಶೇಂಗಾ. ಕಡಲೆಕಾಯಿ ಎಂದರೆ ಹೊಲದ ಹಸಿ ಕಡಲೆಯ ಕಾಯಿ ಇರಬೇಕೆಂದು ಅದು ಒಂದು ಗಳಿಗೆ ನಿಲ್ಲುತ್ತದೆ. ತಾಂಡಾದಲ್ಲಿ ಲಂಬಾಣಿ, ಮನೆಯಲ್ಲಿ ತೆಲುಗು ಅಥವಾ ಉರ್ದು ಮಾತನಾಡುವ ಮಗು ಇನ್ನಷ್ಟು ಹೊತ್ತು ನಿಲ್ಲುತ್ತದೆ. ಆಗ ಆ ಪ್ರಶ್ನೆ ಭಾಗಾಕಾರವನ್ನು ಅಳೆಯುತ್ತಿಲ್ಲ, ಶಬ್ದಸಂಪತ್ತನ್ನು ಅಳೆಯುತ್ತಿದೆ.

ಹಾಗಾದರೆ ಬರೆದು ಉತ್ತರಿಸುವ ಹಳೆಯ ಪರೀಕ್ಷೆಯೇ ವಾಸಿಯೇ? ಅದೂ ಅಲ್ಲ. ಇಂಗ್ಲೆಂಡಿನಲ್ಲಿ ಫಿಲಿಪ್ ಹಾರ್ಟೋಗ್ ಮತ್ತು ರೋಡ್ಸ್ 1935ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಇತಿಹಾಸದ 15 ಉತ್ತರಪತ್ರಿಕೆಗಳನ್ನು 14 ಪರೀಕ್ಷಕರು ಒಂದು ವರ್ಷಕ್ಕೂ ಹೆಚ್ಚಿನ ಅಂತರದಲ್ಲಿ ಎರಡು ಸಲ ತಿದ್ದಿದಾಗ, 210 ತೀರ್ಪುಗಳಲ್ಲಿ 92 ತೀರ್ಪುಗಳು ಬದಲಾಗಿದ್ದವು. ಪತ್ರಿಕೆಯೂ ಅದೇ, ತಿದ್ದಿದವರೂ ಅವರೇ. ಮೌಲ್ಯಮಾಪನ ಕೇಂದ್ರದಲ್ಲಿ ಊಟಕ್ಕೆ ಮುಂಚೆ ತಿದ್ದಿದ ಬಂಡಲಿಗೂ ಊಟದ ಮೇಲೆ ತಿದ್ದಿದ ಬಂಡಲಿಗೂ ನನ್ನ ಕೈಯಲ್ಲೇ ವ್ಯತ್ಯಾಸವಾದದ್ದನ್ನು ನಾನು ಕಂಡಿದ್ದೇನೆ. ಉತ್ತರದ ವೃತ್ತ ತುಂಬಿ ಯಂತ್ರದಿಂದ ತಿದ್ದಿಸುವ ಒಎಂಆರ್ ಹಾಳೆ ಈ ದೋಷವನ್ನು ಅಳಿಸುತ್ತದೆ. ಆದರೆ ವಾದ ಕಟ್ಟುವ, ನಕ್ಷೆ ಬರೆಯುವ, ತಪ್ಪಿದ ಹೆಜ್ಜೆಯನ್ನು ತಾನೇ ಹುಡುಕುವ ಶಕ್ತಿ ಆ ಹಾಳೆಯ ಹೊರಗೆ ಉಳಿಯುತ್ತದೆ. ಇನ್ನು ಯಂತ್ರ ತಿದ್ದಿದ ಮಾತ್ರಕ್ಕೆ ಪ್ರಶ್ನೆಗಳು ಸರಿಯಿರುತ್ತವೆಂದೂ ಅಲ್ಲ: ವೃತ್ತಿ ಕೋರ್ಸುಗಳ ಪ್ರವೇಶಕ್ಕೆ ನಡೆದ 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಪರೀಕ್ಷೆ ಮುಗಿದ ಮೇಲೆ ಕೈಬಿಡಬೇಕಾಯಿತು.

ಎರಡನೆಯ ಷರತ್ತಿಗೆ ಬರೋಣ. ಅಂಕಕ್ಕೆ ಶಿಕ್ಷೆ ಬಹುಮಾನ ಗಂಟುಬಿದ್ದ ಕೂಡಲೇ ಅಂಕವೇ ಕೆಡುತ್ತದೆಂದು ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದ. ಅಟ್ಲಾಂಟಾ ನಗರದ ಶಾಲೆಗಳಲ್ಲಿ ಮಕ್ಕಳ ತಪ್ಪು ಉತ್ತರಗಳನ್ನು ಶಿಕ್ಷಕರೇ ಅಳಿಸಿ ತಿದ್ದಿದ್ದು 2011ರ ತನಿಖೆಯಲ್ಲಿ ಬಯಲಾಯಿತು. ನಮ್ಮಲ್ಲಿ ಅದರ ಸಭ್ಯ ರೂಪಕ್ಕೆ 'ಪಾಸಿಂಗ್ ಪ್ಯಾಕೇಜ್' ಎಂದು ಹೆಸರು. ಜನವರಿಯಿಂದ ನಿಧಾನಕಲಿಕೆಯ ಮಕ್ಕಳನ್ನು ಬೇರೆ ಕೂರಿಸಿ, ಖಚಿತವಾಗಿ ಬರುವ ನಕ್ಷೆ, ಪ್ರಮೇಯ, ಪದ್ಯದ ಸಾಲುಗಳನ್ನಷ್ಟೇ ಉರು ಹೊಡೆಸುತ್ತೇವೆ. ಹಿಚುಕುವ ಅಗುಳನ್ನು ಮಾತ್ರ ಬೇಯಿಸುವ ಕಲೆ ಇದು. ಅದನ್ನು ಮಾಡುವ ಶಿಕ್ಷಕರನ್ನು ನಾನು ದೂರುವುದಿಲ್ಲ. ನಾನೂ ಮಾಡಿಸಿದ್ದೇನೆ, ಆ ಮಕ್ಕಳಲ್ಲಿ ಕೆಲವರು ಪಾಸಾಗಿ ಐಟಿಐ ಸೇರಿದಾಗ ಸಂತೋಷವನ್ನೂ ಪಟ್ಟಿದ್ದೇನೆ.

ಹೀಗೆಂದು ಪರೀಕ್ಷೆಯೇ ಬೇಡವೆನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಹೊರಗಿನ ಸಮಾನ ಪರೀಕ್ಷೆ ಇಲ್ಲವಾದರೆ ಆ ಜಾಗಕ್ಕೆ ಬರುವುದು ಶಿಫಾರಸು, ಸಂದರ್ಶನ, ಪರಿಚಯ. ಇವುಗಳಲ್ಲಿ ಸಿಂಧನೂರಿನ ಕೂಲಿಕಾರನ ಮಗಳು ಗೆಲ್ಲುವುದಿಲ್ಲ. ನನ್ನ ವಾದ ಇಷ್ಟೇ: ಒಂದು ಪರೀಕ್ಷೆಗೆ ಒಂದು ಕೆಲಸ. ವ್ಯವಸ್ಥೆಯ ಆರೋಗ್ಯ ತಿಳಿಯಲು ಪ್ರತಿ ಮಗುವನ್ನೂ ಬೋರ್ಡ್ ಪರೀಕ್ಷೆಗೆ ಕೂರಿಸಬೇಕಿಲ್ಲ. 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆಯಂತೆ, 2024ರ ಡಿಸೆಂಬರ್ 4ರಂದು 3, 6, 9ನೇ ತರಗತಿಗಳಿಗೆ ನಡೆದ ಪರಖ್ ಸಮೀಕ್ಷೆಯಂತೆ ಮಾದರಿ ಶಾಲೆಗಳನ್ನು ಆರಿಸಿದರೆ ಸಾಕು; ಅಲ್ಲಿ ಮಗುವಿನ ಪಾಸು ನಪಾಸಿನ ಮಾತಿಲ್ಲ, ಆದ್ದರಿಂದ ಕಲಬೆರಕೆಗೆ ಕಾರಣವೂ ಕಡಿಮೆ. ನಮ್ಮ ರಾಜ್ಯದ 5, 8, 9ನೇ ತರಗತಿಗಳ ಬೋರ್ಡ್ ಪರೀಕ್ಷೆಯ ಫಲಿತಾಂಶಕ್ಕೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿದಾಗ ನಾವು ಕಾನೂನಿನ ಚರ್ಚೆಯನ್ನಷ್ಟೇ ಮಾಡಿದೆವು. ಆ ಅಂಕದಿಂದ ಯಾವ ತೀರ್ಮಾನ ಮಾಡುವವರಿದ್ದೆವು ಎಂದು ಯಾರೂ ಕೇಳಲಿಲ್ಲ.

ತರಗತಿಯಲ್ಲಿ ಬೇಕಾಗಿರುವುದು ಬಿನೆಯ ಮೂಲ ಕೆಲಸ. 2005ರಿಂದ ಅಸರ್ ಸಮೀಕ್ಷೆಯವರು ಮನೆ ಮನೆಗೆ ಹೋಗಿ, ಮಗುವಿನ ಪಕ್ಕ ಕುಳಿತು, ಅಕ್ಷರ, ಪದ, ಪುಟ್ಟ ಪರಿಚ್ಛೇದ, ಎರಡನೇ ತರಗತಿಯ ಕಥೆ ಓದಿಸುತ್ತಾರೆ. ಕಳೆಯುವ ಲೆಕ್ಕ, ಭಾಗಾಕಾರ ಮಾಡಿಸುತ್ತಾರೆ. ಜೂನ್ ತಿಂಗಳಲ್ಲಿ ಗುಳೆಯಿಂದ ಮರಳಿದ ಮಗುವಿನೊಂದಿಗೆ ಇಷ್ಟನ್ನು ಮಾಡಲು ಹತ್ತು ನಿಮಿಷ ಸಾಕು. ಶೇಂಗಾ ಎಂದೇ ಲೆಕ್ಕ ಕೊಡಿ, ತಪ್ಪಿದಲ್ಲಿ ಮತ್ತೆ ಕೇಳಿ, ಎಲ್ಲಿ ನಿಂತಿತೆಂದು ನಿಮ್ಮ ಡೈರಿಯಲ್ಲಿ ಬರೆದುಕೊಳ್ಳಿ. ಆ ಹಾಳೆಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಕೇಳದಿರುವವರೆಗೆ ಅದು ನಿಜವನ್ನೇ ಹೇಳುತ್ತಿರುತ್ತದೆ.