ಹೆಗ್ಗೋಡಿನ ಸುಬ್ಬಣ್ಣ ನೋಡುಗರನ್ನ ಬೆಳೆಸಿದ್ದು ಹೇಗೆ?

[ದೃಶ್ಯ: ಸಾಗರದಿಂದ ಹೆಗ್ಗೋಡಿಗೆ ಹೋಗುವ ರಸ್ತೆ, ಅಡಿಕೆ ತೋಟ]

ನಿರೂಪಣೆ: ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು, ಹೆಗ್ಗೋಡು. ಅಡಿಕೆ ತೋಟ, ಅಲ್ಲೊಂದು ಇಲ್ಲೊಂದು ಮನೆ. ಈ ಊರಲ್ಲಿ ಶೇಕ್ಸ್‌ಪಿಯರ್ ನಾಟಕ ನೋಡಿ, ಮಾರನೇ ದಿನ ಅದರ ಬಗ್ಗೆ ಜಗಳ ಆಡೋ ಜನ ಸಿಗ್ತಾರೆ. ಅದರ ಹಿಂದೆ ಇದ್ದೋರು ರಂಗಕರ್ಮಿ ಕೆ.ವಿ. ಸುಬ್ಬಣ್ಣ.

1949ರಲ್ಲಿ ಊರವರು ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಅದೇ ನೀನಾಸಂ. ಆಗ ಸುಬ್ಬಣ್ಣನವರಿಗೆ 17 ವರ್ಷ. ಇಂಥ ಹವ್ಯಾಸಿ ಸಂಘಗಳೇನೂ ಅಪರೂಪ ಅಲ್ಲ ಬಿಡಿ, ವರ್ಷಕ್ಕೊಂದು ನಾಟಕ ಆಡಿ ಸುಮ್ಮನಾಗೋ ಸಂಘ ಎಷ್ಟೋ ಇದ್ವು. ಮೈಸೂರಲ್ಲಿ ಓದಿದ ಸುಬ್ಬಣ್ಣ ಪೇಟೆಯಲ್ಲಿ ನೌಕರಿ ಹಿಡೀಲಿಲ್ಲ. ತೋಟಕ್ಕೆ ವಾಪಸ್ ಬಂದರು. ಅಕ್ಷರ ಪ್ರಕಾಶನ ಶುರು ಮಾಡಿ ಊರಿಂದಲೇ ಪುಸ್ತಕ ತಂದರು.

[ದೃಶ್ಯ: ಶಿವರಾಮ ಕಾರಂತ ರಂಗಮಂದಿರದ ಹೊರನೋಟ]

ಸುಬ್ಬಣ್ಣ ಅಂದ ಕೂಡ್ಲೇ ಎಲ್ಲರ ಬಾಯಲ್ಲೂ 1991ರ ಮ್ಯಾಗ್ಸೆಸೆ ಪ್ರಶಸ್ತಿ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು 1973ರಲ್ಲಿ ಶುರುವಾದ ನೀನಾಸಂ ಚಿತ್ರಸಮಾಜ, ಅಂದ್ರೆ ಒಳ್ಳೆ ಸಿನಿಮಾ ತೋರಿಸೋ ಸಂಘ. ಸತ್ಯಜಿತ್ ರಾಯ್, ಜಪಾನಿನ ನಿರ್ದೇಶಕ ಕುರೊಸಾವಾ ಸಿನಿಮಾಗಳನ್ನ ಹಳ್ಳಿ ಜನರ ಮುಂದೆ ಇಟ್ಟರು. ‘ಇವರಿಗೆ ಇದು ಅರ್ಥ ಆಗುತ್ತಾ’ ಅನ್ನೋ ಅನುಮಾನ ಪೇಟೆಯವರದ್ದು. ತೋಟದಲ್ಲಿ ದುಡಿದು ಬಂದವರು ಕೂತು ನೋಡಿದರು, ಚರ್ಚೆನೂ ಮಾಡಿದರು. ನಟರನ್ನ ತಯಾರು ಮಾಡೋ ರಂಗಶಿಕ್ಷಣ ಕೇಂದ್ರ ಬಂದಿದ್ದು ಆಮೇಲೆ, 1980ರಲ್ಲಿ. ಅಂದ್ರೆ ಮೊದಲು ನೋಡುಗರು, ಆಮೇಲೆ ಶಾಲೆ. ಈ ಕ್ರಮ ಲೆಕ್ಕ ಹಾಕಿ ಮಾಡಿದ್ದೋ ತಾನಾಗೇ ಆಗಿದ್ದೋ, ಫಲ ಮಾತ್ರ ಕಣ್ಣಿಗೆ ಕಾಣುತ್ತೆ.

[ದೃಶ್ಯ: ರಾತ್ರಿ, ಒಂದು ಊರಿನ ಮೈದಾನ, ರಂಗಸಜ್ಜಿಕೆ ಬಿಚ್ಚುತ್ತಿರುವ ಕಲಾವಿದರು]

1985ರಲ್ಲಿ ಶುರುವಾಗಿದ್ದು ತಿರುಗಾಟ, ನೀನಾಸಂನ ಊರೂರು ಸುತ್ತೋ ನಾಟಕ ತಂಡ. ಮಳೆಗಾಲದಲ್ಲಿ ತಾಲೀಮು, ಮಳೆ ನಿಂತ ಮೇಲೆ ಊರೂರು ಪ್ರದರ್ಶನ. ಲೈಟು, ಪರದೆ, ವೇಷದ ಪೆಟ್ಟಿಗೆ ಎಲ್ಲಾ ತಂಡದ ಜೊತೆಗೇ ಹೋಗುತ್ತೆ. ಆಗಷ್ಟೇ ಸಿಂಹಾಸನದ ಮೇಲೆ ಗತ್ತಲ್ಲಿ ಕೂತಿದ್ದ ರಾಜ, ಮುಖದ ಬಣ್ಣ ಒರೆಸ್ಕೊಂಡು ಅದೇ ಸಿಂಹಾಸನ ಹೊತ್ತು ಗಾಡಿಗೆ ಏರಿಸ್ತಾನೆ. ಊಟ, ವಸತಿ ನೋಡ್ಕೊಳ್ಳೋದು ಆ ಊರಿನ ಸಂಘಟಕರು. ಹೀಗಾಗಿ ನಾಟಕ ಕರೆಸೋ ಅಭ್ಯಾಸ ಕರ್ನಾಟಕದ ಎಷ್ಟೋ ಸಣ್ಣ ಊರುಗಳಲ್ಲಿ ಬೇರು ಬಿಡ್ತು.

ಸುಬ್ಬಣ್ಣ 2005ರ ಜುಲೈ 16ರಂದು ತೀರಿಕೊಂಡರು. ಸಂಸ್ಥೆ ನಿಲ್ಲಲಿಲ್ಲ. ಮಗ ಕೆ.ವಿ. ಅಕ್ಷರ ಮತ್ತು ಸುಬ್ಬಣ್ಣನವರ ಜೊತೆ ಪಳಗಿದವರು ಮುಂದುವರಿಸಿದರು. ತಿರುಗಾಟ ನಿಮ್ಮೂರ ಕಡೆ ಬಂದ್ರೆ ಹೋಗಿ ನೋಡಿ. ನಾಟಕ ಮುಗಿದ ಕೂಡ್ಲೇ ಎದ್ದು ಹೊರಡಬೇಡಿ, ಪಕ್ಕದವರನ್ನ ‘ಹೆಂಗಿತ್ತು?’ ಅಂತ ಕೇಳಿ.