ಅಮ್ಮನ ಜುಮುಕಿ, ಕಾಗದದಲ್ಲಿ

ಈ ಕೆಂಪು ಪಟ್ಟಿ ನೋಡುತ್ತಿದ್ದೀರಲ್ಲ, ಅಗಲ ಬರೀ 3 ಮಿಲಿಮೀಟರ್. ಇಂಥ ಐದಾರು ಪಟ್ಟಿ ಉದ್ದಕ್ಕೆ ಅಂಟಿಸಿ ಬಿಗಿಯಾಗಿ ಸುತ್ತಿದರೆ ಒಂದು ಬಿಲ್ಲೆ ಆಗುತ್ತದೆ. ಆ ಬಿಲ್ಲೆಯೇ ಇನ್ನು ಸ್ವಲ್ಪ ಹೊತ್ತಿಗೆ ಜುಮುಕಿ.

ಹೊರಗೆ ಮಳೆ. ಅಮ್ಮ ಹೋಗಿ ಈ ಆಷಾಢಕ್ಕೆ ಒಂದು ವರ್ಷ ಆಯಿತು. ಅವರ ಕೆಂಪು ಕಲ್ಲಿನ ಜುಮುಕಿ ಬೀರುವಿನಲ್ಲಿದೆ. ಆ ಡಬ್ಬಿ ತೆಗೆಯುವುದಕ್ಕೆ ನನಗಿನ್ನೂ ಧೈರ್ಯ ಬಂದಿಲ್ಲ.

ಮೊದಮೊದಲು ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. ಒಂದು ದಿನ ಅವೆನ್ಯೂ ರೋಡಿಗೆ ಹೋದವಳು ಸುಮ್ನೆ ಒಂದು ಕಟ್ಟು ಕ್ವಿಲ್ಲಿಂಗ್ ಕಾಗದ, ಜೊತೆಗೆ ಸುತ್ತುವ ಕಡ್ಡಿ ತಂದೆ. ಕಡ್ಡಿಯ ತುದಿಯಲ್ಲಿ ಸೀಳು ಇರುತ್ತದೆ. ಅದಕ್ಕೆ ಕಾಗದ ಸಿಕ್ಕಿಸಿ ತಿರುಗಿಸುತ್ತಾ ಹೋಗುವುದು, ಅಷ್ಟೇ. ಹಿಂದೆ ಯುರೋಪಿನಲ್ಲಿ ಹಕ್ಕಿಗರಿಯ ದಂಟಿಗೆ ಸುತ್ತುತ್ತಿದ್ದರಂತೆ, ಕ್ವಿಲ್ ಅಂದರೆ ಗರಿ. ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು ಚಿನ್ನದ ಅಂಚಿನ ಪಟ್ಟಿಗಳನ್ನು ಸುತ್ತಿ ದೇವರ ಚಿತ್ರ ಸಿಂಗರಿಸುತ್ತಿದ್ದರು. ನನ್ನ ಈ ಕೆಂಪು ಕಾಗದಕ್ಕೂ ಬಂಗಾರದ ಬಣ್ಣದ ಅಂಚಿದೆ. ಸುತ್ತಿದಾಗ ಎಷ್ಟು ಚೆನ್ನಾಗಿ ಹೊಳೆಯುತ್ತದೆ ನೋಡಿ.

ಈಗ ನಿಧಾನ. ಬಿಲ್ಲೆಯನ್ನು ಹೆಬ್ಬೆರಳಿನ ಮೇಲಿಟ್ಟು, ಪದರಗಳನ್ನು ಒಂದೊಂದಾಗಿ ಕೆಳಗೆ ಜಾರಿಸಬೇಕು. ಜೋರಾಗಿ ಒತ್ತಿದರೆ ನಡುವಿನ ಸುರುಳಿ ಪುಸಕ್ಕನೆ ಹೊರಗೆ ಬಂದುಬಿಡುತ್ತದೆ. ಆಮೇಲೆ ಮತ್ತೆ ಮೊದಲಿಂದ. ಮನಸ್ಸು ಸರಿ ಇಲ್ಲದ ದಿನ ನನಗೇ ಗೊತ್ತಿಲ್ಲದೆ ಕೈ ಬಿಗಿಯಾಗುತ್ತದೆ. ಅಂಥ ದಿನ ಒಂದೇ ಜುಮುಕಿಯನ್ನು ನಾಲ್ಕು ಸಲ ಬಿಚ್ಚಿ ಸುತ್ತಿದ್ದೇನೆ. ಅಳು ಬಂದರೆ ಕಾಗದ ಪಕ್ಕಕ್ಕಿಡುತ್ತೇನೆ, ಒದ್ದೆಯಾದರೆ ಹಾಳಾಗುತ್ತದೆ ಅಲ್ವಾ. ಚೆನ್ನಾಗಿ ಅತ್ತು, ಮುಖ ತೊಳೆದು, ಬಿಟ್ಟಲ್ಲಿಂದ ಮತ್ತೆ ಶುರು ಮಾಡುತ್ತೇನೆ. ಗಡಿಯಾರ ನೋಡಿದರೆ ಎರಡು ಗಂಟೆ ಕಳೆದಿರುತ್ತದೆ. ಅಂಥ ರಾತ್ರಿ ನಿದ್ದೆ ಬರುತ್ತದೆ.

ಆಕಾರ ಬಂತು. ಒಳಗೆ ಫೆವಿಕಾಲ್ ಸವರಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಹೊರಗೆ ವಾರ್ನಿಷ್. ಬೆಂಗಳೂರಿನ ಈ ತೇವಕ್ಕೆ ಒಣಗುವುದು ಜಾಸ್ತಿ ಹೊತ್ತು, ನಾನು ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಅಂಚಿಗೆ ಪುಟ್ಟ ಮುತ್ತು, ಮೇಲೆ ಹುಕ್.

ಕಿವಿಗೆ ಹಾಕಿದರೆ ಭಾರವೇ ಇಲ್ಲ. ಅಮ್ಮನ ಜುಮುಕಿ ಹಾಗಲ್ಲ, ಕಿವಿ ತೂತು ಜಗ್ಗಿ ಉದ್ದವಾಗಿತ್ತು. ಅದಕ್ಕೇ ಭಾರ ತಡೆಯಲು ಮಾಟಿ ಹಾಕಿ ಕೂದಲಿಗೆ ಸಿಕ್ಕಿಸುತ್ತಿದ್ದರು.

ಇದಕ್ಕೆ ಮಾಟಿ ಬೇಕಿಲ್ಲ. ಆದರೂ ನಾಳೆ ಕಾಗದದಲ್ಲೇ ಒಂದು ಜೊತೆ ಮಾಟಿ ಮಾಡುತ್ತೇನೆ. ಮಾಟಿ ಇಲ್ಲದೆ ಅಮ್ಮ ಜುಮುಕಿ ಹಾಕಿಕೊಂಡಿದ್ದನ್ನು ನಾನು ನೋಡಿಯೇ ಇಲ್ಲ.