ಸೂರಿನ ದೋಣಿಗೆ ಎಂಥ ಜಾಲರಿ?

ಕೇಳುಗರೆ, ನಮಸ್ಕಾರ. ಮುಂಗಾರು ಹತ್ತಿರ ಬಂತು ಅಂದರೆ ಮಲೆನಾಡು, ಕರಾವಳಿಯ ಮನೆಗಳಲ್ಲಿ ಏಣಿ ಹೊರಗೆ ಬರುತ್ತದೆ. ಮಾಡಿನಿಂದ, ಅಂದರೆ ಛಾವಣಿಯಿಂದ, ಇಳಿಯುವ ಮಳೆನೀರನ್ನು ಹಿಡಿದು ಸಾಗಿಸುವ ಸೂರಿನ ದೋಣಿಯಲ್ಲಿ ತುಂಬಿದ ಕಸ ತೆಗೆಯಬೇಕಲ್ಲ. ಹಿಂದೆ ಅಡಿಕೆ ಮರ ಸೀಳಿ ದೋಣಿ ಮಾಡುತ್ತಿದ್ದರು. ಈಗ ತಗಡು, ಪಿವಿಸಿ ಬಂದಿವೆ. ಕಸ ಮಾತ್ರ ಅದೇ. ಅದು ಒಳಗೆ ಬೀಳದ ಹಾಗೆ ದೋಣಿಯ ಮೇಲೆ ಹಾಸುವ ಜಾಲರಿಗಳು ಈಗ ಹಲವು ಬಗೆಯಲ್ಲಿ ಸಿಗುತ್ತವೆ. ಆರಿಸುವುದು ಹೇಗೆ, ಅದೇ ಇವತ್ತಿನ ಮಾತು.

ಅಂಗಡಿಗೆ ಹೋಗುವ ಮೊದಲು ನಿಮ್ಮ ಮಾಡಿನ ಮೇಲೆ ಯಾವ ಮರ ಬಾಗಿದೆ ನೋಡಿ. ದೋಣಿಯಿಂದ ಒಂದು ಹಿಡಿ ಕಸ ತೆಗೆದು ಅಂಗೈಯಲ್ಲಿ ಹರಡಿ. ಹಲಸು, ಮಾವಿನ ಎಲೆಯಾದರೆ ಅಗಲ, ಗಟ್ಟಿ. ಕಾಲು ಇಂಚಿನ ಕಣ್ಣಿನ (ತೂತಿನ) ಜಾಲರಿ ಸಾಕು, ತಡೆಯುತ್ತದೆ. ಬಿದಿರೆಲೆ, ಗಾಳಿಮರದ ಸೂಜಿಯಂಥ ಎಲೆ ಹಾಗಲ್ಲ. ದೊಡ್ಡ ಕಣ್ಣಿನಲ್ಲಿ ಅರ್ಧ ಇಳಿದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಒಂದೊಂದಾಗಿ ಕೀಳುತ್ತಾ ಕೂರಬೇಕು. ಅಂಥ ಮನೆಗೆ ಸಣ್ಣ ಕಣ್ಣಿನ ಸ್ಟೀಲ್ ಬಲೆಯೇ ಸರಿ.

ಹಾಗಾದರೆ ಎಲ್ಲರೂ ಸಣ್ಣ ಕಣ್ಣಿನದೇ ಹಾಕಿಸಿದರೆ ಆಯ್ತಲ್ವಾ? ಆಗಲ್ಲ. ನಮ್ಮ ಕಡೆಯ ಮಳೆಯ ರಭಸ ನೋಡಿ. 1,000 ಚದರ ಅಡಿ ಮಾಡಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 93 ಲೀಟರ್ ನೀರು. ಗಂಟೆಗೆ 50 ಮಿಲಿಮೀಟರ್ ಸುರಿದರೆ 4,600 ಲೀಟರಿಗೂ ಜಾಸ್ತಿ. ಇಳಿಜಾರಿನಲ್ಲಿ ಓಡಿ ಬರುವ ಆ ನೀರು ಸಣ್ಣ ಬಲೆಯೊಳಗೆ ಪೂರ್ತಿ ಇಳಿಯುವುದಿಲ್ಲ. ಬಲೆಗೆ ಧೂಳು, ಪಾಚಿ ಕೂತಿದ್ದರಂತೂ ಮೇಲಿಂದಲೇ ಹಾರಿ ಅಂಗಳಕ್ಕೆ ಬೀಳುತ್ತದೆ. ಗೋಡೆಯ ಬುಡ ನೆನೆಯುತ್ತದೆ. ಎರಡು ಮಾಡು ಕೂಡುವ ಮೂಲೆಯಲ್ಲಿ ನೀರು ಇನ್ನೂ ಜೋರು. ಅಲ್ಲಿ ದೋಣಿಯ ಹೊರ ಅಂಚಿಗೆ ತಗಡಿನ ಪಟ್ಟಿಯೊಂದನ್ನು ಎತ್ತರಿಸಿ ಕೂರಿಸಿ. ಅಗಲ ಎಲೆಯ ಮರಗಳಿರುವ ಮಲೆನಾಡಿನ ಹಂಚಿನ ಮನೆಗೆ ನಾನು ತೂತು ಕೊರೆದ ಅಲ್ಯೂಮಿನಿಯಂ ಹಾಳೆಯನ್ನೇ ಹೇಳುತ್ತೇನೆ. ಹಗುರ, ತುಕ್ಕಿನ ಚಿಂತೆಯಿಲ್ಲ, ನೀರೂ ಬೇಗ ಇಳಿಯುತ್ತದೆ.

ದೋಣಿಯೊಳಗೆ ತುರುಕುವ ಸ್ಪಂಜು ಸಿಗುತ್ತದೆ. ಅಗ್ಗ ಅಂತ ತಗೊಳ್ಳಬೇಡಿ. ಅದರೊಳಗೆ ಮಣ್ಣು ಕೂತು ಪಾಚಿ, ಹುಲ್ಲು ಹುಟ್ಟುತ್ತದೆ. ಬ್ರಷ್ಷಿನಂಥದ್ದು ಎಲೆಯನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಜಾಲರಿ ಬಿಸಿಲಿಗೆ ಒಣಗಿ ಮುರಿಯುತ್ತದೆ. ಕಡಲ ಹತ್ತಿರದವರು ಸ್ಟೀಲ್ ಕೊಳ್ಳುವಾಗ 316 ನಂಬರಿನದು ಕೇಳಿ ಪಡೆಯಿರಿ. ಉಪ್ಪು ಗಾಳಿಯನ್ನು 304 ನಂಬರಿನ ಸ್ಟೀಲಿಗಿಂತ ಅದು ಚೆನ್ನಾಗಿ ತಡೆಯುತ್ತದೆ.

ಕೂರಿಸುವಾಗ ಜಾಲರಿ ಹೊರಗಡೆಗೆ ಸ್ವಲ್ಪ ವಾಲಿರಲಿ. ಎಲೆ ಒಣಗಿದ ಮೇಲೆ ಗಾಳಿಗೆ ತಾನಾಗಿ ಜಾರುತ್ತದೆ. ಜಾಲರಿಯ ಅಂಚನ್ನು ಹಂಚಿನ ಅಡಿಗೆ ತುರುಕಲು ಹೋಗಿ ಹಂಚು ಎತ್ತಬೇಡಿ; ಆ ಸಂದಿನಿಂದ ಮಳೆ ಒಳಗೆ ಬರುತ್ತದೆ. ಮೂರು ನಾಲ್ಕು ಅಡಿಯ ತುಂಡುಗಳಾಗಿ, ಬೇಕೆಂದಾಗ ಬಿಚ್ಚುವ ಹಾಗೆ ಹಾಕಿಸಿ. ಆದರೆ ಸಡಿಲ ಬಿಡಬೇಡಿ. ಮಂಗಗಳ ಕಾಟ ಗೊತ್ತೇ ಇದೆಯಲ್ಲ, ಅಲುಗಾಡುವುದು ಸಿಕ್ಕರೆ ಕಿತ್ತು ಎಸೆಯುತ್ತವೆ.

ಇದಕ್ಕೆಲ್ಲ ಮೊದಲು ದೋಣಿಯೇ ಸರಿಯಿದೆಯಾ ಅಂತ ಒಂದು ಬಕೆಟ್ ನೀರು ಸುರಿದು ನೋಡಿ. ಹತ್ತು ಅಡಿಗೆ ಕಾಲು ಇಂಚಿನಿಂದ ಅರ್ಧ ಇಂಚು ಇಳಿಜಾರು ಬೇಕು. ನಡುವೆ ಜೋತು ನೀರು ನಿಂತರೆ ಡೆಂಗಿ ಹರಡುವ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ. ಮೇಲೆ ಜಾಲರಿ ಮುಚ್ಚಿದರೆ ಅದು ನಿಮ್ಮ ಕಣ್ಣಿಗೂ ಬೀಳುವುದಿಲ್ಲ.

ಜಾಲರಿ ಹಾಕಿದ ಮೇಲೆ ಏಣಿಯೇ ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಳೆಗೆ ಮುಂಚೆ ಒಂದು ಸಲ, ಮಳೆಗಾಲದ ನಡುವೆ ಹೊಳವು ಕಂಡಾಗ ಇನ್ನೊಂದು ಸಲ ಗುಡಿಸಲೇಬೇಕು. ಹತ್ತುವಾಗ ಕೆಳಗೆ ಏಣಿ ಹಿಡಿಯಲು ಒಬ್ಬರು ಇರಲಿ. ಕರೆಂಟಿನ ತಂತಿ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ನಮಸ್ಕಾರ.